ಸಾಲ ಅವರದು, ಸಹಿ ನನ್ನದು: ಬ್ಯಾಂಕ್ ಮೊದಲು ಯಾರನ್ನು ಹಿಡಿಯಬಹುದು?

ಓದುಗರ ಪ್ರಶ್ನೆ: ನನ್ನ ಸಹೋದ್ಯೋಗಿ ಬ್ಯಾಂಕ್ ಸಾಲ ತೆಗೆದುಕೊಂಡಾಗ ನಾನು ಜಾಮೀನು ಹಾಕಿದ್ದೆ. ‘ಸುಮ್ನೆ ಒಂದು ಸಹಿ, ಅಷ್ಟೇ’ ಅಂದಿದ್ದರು. ಈಗ ನಾಲ್ಕು ತಿಂಗಳಿಂದ ಅವರು ಕಂತು ಕಟ್ಟಿಲ್ಲ, ನನಗೂ ನೋಟಿಸ್ ಬಂದಿದೆ. ಅವರಿಗೆ ಸ್ವಂತ ಮನೆ ಇದೆ, ಸಂಬಳವೂ ಬರುತ್ತದೆ. ಮೊದಲು ಅವರಿಂದ ವಸೂಲಿ ಮಾಡದೆ ಬ್ಯಾಂಕ್ ನೇರವಾಗಿ ನನ್ನ ಹತ್ತಿರ ಬರಬಹುದಾ?

ಬರಬಹುದು. ಬಹಳ ಜನ ನಂಬಿರುವುದು ಇದಕ್ಕೆ ಉಲ್ಟಾ. ಸಾಲಗಾರನ ಆಸ್ತಿಯೆಲ್ಲ ಮುಗಿದ ಮೇಲೆ, ಕೊನೆಗೆ ಜಾಮೀನುದಾರನ ಸರದಿ ಅಂತ. ಕಾನೂನಿನಲ್ಲಿ ಅಂಥ ಸರದಿ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಸಲು, ಬಡ್ಡಿ, ಖರ್ಚು ಎಲ್ಲವೂ ಸೇರಿ. ಮೊದಲು ಸಾಲಗಾರನ ಮೇಲೆ ಎಲ್ಲ ದಾರಿ ಪ್ರಯತ್ನಿಸಿ ಬನ್ನಿ ಎಂದು ಬ್ಯಾಂಕಿಗೆ ಹೇಳಿದರೆ ಜಾಮೀನಿನ ಉದ್ದೇಶವೇ ಸೋತಂತೆ ಎಂದು ಸುಪ್ರೀಂ ಕೋರ್ಟ್ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಹೇಳಿ ಐವತ್ತು ವರ್ಷದ ಮೇಲಾಯಿತು. ಅವರಿಗೆ ಮನೆ ಇದೆ, ನನಗಿಲ್ಲ ಅನ್ನುವ ವಾದ ನ್ಯಾಯವಾಗಿ ಕಾಣಬಹುದು. ಆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ‘ಬರೀ ಫಾರ್ಮಾಲಿಟಿ’ ಎಂದು ಹೇಳಿ ಸಹಿ ಹಾಕಿಸಿಕೊಳ್ಳುವುದು ನಿಮಗೆ ಮಾಡಿದ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆ ಸಹಿಯ ಬೆಲೆ ಪೂರ್ತಿ ಸಾಲದಷ್ಟು.

ನಿಮ್ಮ ಹಾಗೇ ಇನ್ನೊಬ್ಬರೂ ಜಾಮೀನು ಹಾಕಿದ್ದರೆ ಅರ್ಧ ಹೊಣೆ ಅವರದು ಅಂದುಕೊಳ್ಳಬೇಡಿ. 146ನೇ ಕಲಂ ಹೇಳುವ ಸಮಪಾಲು ಜಾಮೀನುದಾರರ ನಡುವಿನ ಲೆಕ್ಕ. ಬ್ಯಾಂಕ್ ಪೂರ್ತಿ ಬಾಕಿಯನ್ನು ಒಬ್ಬರಿಂದಲೇ ಕೇಳಬಹುದು. ಕಟ್ಟಿದವರು ಆಮೇಲೆ ಇನ್ನೊಬ್ಬರ ಪಾಲನ್ನು ಅವರಿಂದ ವಸೂಲಿ ಮಾಡಿಕೊಳ್ಳಬೇಕು.

ಜಾಮೀನುದಾರ ಬೇರೆ, ಸಹ-ಸಾಲಗಾರ ಬೇರೆ. ನಿಮ್ಮ ಹೆಸರು ಎಲ್ಲಿದೆ ಅಂತ ಸಾಲದ ಕಾಗದ ತೆಗೆದು ನೋಡಿ. ಸಹ-ಸಾಲಗಾರರಾಗಿದ್ದರೆ ಮೊದಲ ಕಂತಿನಿಂದಲೇ ಸಾಲ ನಿಮ್ಮದೂ ಹೌದು. ‘ಕಂತು ಅವನೇ ಕಟ್ಟೋದು ಅಂತ ನಮ್ಮೊಳಗೆ ಮಾತಾಗಿತ್ತು’ ಅಂದರೆ ಬ್ಯಾಂಕಿಗೆ ಅದು ಸಂಬಂಧವಿಲ್ಲ. ಆ ಮಾತು ಬ್ಯಾಂಕಿಗೆ ಗೊತ್ತಿದ್ದರೂ ನಿಮ್ಮ ಹೊಣೆ ಕಡಿಮೆಯಾಗುವುದಿಲ್ಲ ಎಂದು 132ನೇ ಕಲಂ ಹೇಳುತ್ತದೆ.

ಈಗ ನೋಟಿಸಿನ ವಿಷಯ. ಅದನ್ನು ಮಡಚಿ ಒಳಗಿಟ್ಟು ಸುಮ್ಮನಿರಬೇಡಿ. ಮೊದಲು ಬ್ಯಾಂಕಿಗೆ ಲಿಖಿತವಾಗಿ ಎರಡು ಕಾಗದ ಕೇಳಿ: ನೀವು ಸಹಿ ಹಾಕಿದ ಜಾಮೀನು ಪತ್ರದ ಪ್ರತಿ ಮತ್ತು ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ನೀವು ಸಹಿ ಹಾಕಿದ ಮೇಲೆ ನಿಮಗೆ ತಿಳಿಸದೆ ಸಾಲದ ಮೊತ್ತ ಹೆಚ್ಚಿಸಿದ್ದಾರಾ? ಬಡ್ಡಿಯ ಷರತ್ತು ಬದಲಾಗಿದೆಯಾ? ನಿಮ್ಮ ಒಪ್ಪಿಗೆ ಇಲ್ಲದೆ ಕರಾರು ಬದಲಿಸಿದರೆ, ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ಜಾಮೀನುದಾರನ ಹೊಣೆ ಇಲ್ಲ. ಇದು 133ನೇ ಕಲಂ. ಮುಖ್ಯ ವಿಷಯ ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಬ್ಯಾಂಕೇ ಜಾಮೀನು ಪಡೆದಿದ್ದರೆ ಆ ಜಾಮೀನೇ ಊರ್ಜಿತವಲ್ಲ. ಅದಕ್ಕೆ 142 ಮತ್ತು 143ನೇ ಕಲಂಗಳಿವೆ.

ಆದರೆ ಇಲ್ಲೊಂದು ಕಡೆ ಎಚ್ಚರ ಬೇಕು. ಜಾಮೀನು ಪತ್ರದ ಒಳಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ, ಇಂಥದ್ದೊಂದು ವಾಕ್ಯ ಸಾಮಾನ್ಯವಾಗಿ ಇರುತ್ತದೆ: ಕರಾರು ಕಾಯ್ದೆಯ 133, 134, 135, 139, 141ನೇ ಕಲಂಗಳಲ್ಲಿ ಜಾಮೀನುದಾರನಿಗೆ ಇರುವ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ. ಓದಲು ಯಾವುದೋ ನಂಬರುಗಳ ಸಾಲು. ಆದರೆ ನಿಮ್ಮನ್ನು ಕಾಪಾಡಲು ಕಾಯ್ದೆ ಕೊಟ್ಟ ರಕ್ಷಣೆಯೆಲ್ಲ ಇದೊಂದೇ ವಾಕ್ಯದಲ್ಲಿ ಹೋಗಬಹುದು. ಮುಂದೆ ಯಾರಿಗಾದರೂ ಸಹಿ ಹಾಕುವ ಸಂದರ್ಭ ಬಂದರೆ ಮೊದಲು ಹುಡುಕಬೇಕಾದ ವಾಕ್ಯ ಇದು. ನಿಮ್ಮ ಪತ್ರದಲ್ಲೂ ಇದ್ದರೆ ವಕೀಲರಿಗೆ ಮೊದಲೇ ತೋರಿಸಿ.

ಆಸ್ತಿ ಅಡವಿಟ್ಟ ಸಾಲವಾದರೆ ನಿಮಗೆ ಬಂದಿರುವುದು 2002ರ ಸರ್ಫೇಸಿ ಕಾಯ್ದೆಯ, ಅಂದರೆ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆಯಲು ಬ್ಯಾಂಕಿಗೆ ಅವಕಾಶ ಕೊಡುವ ಕಾಯ್ದೆಯ, ನೋಟಿಸ್ ಇರಬಹುದು. ಆ ಕಾಯ್ದೆಯಲ್ಲಿ ಸಾಲಗಾರ ಅಂದರೆ ಜಾಮೀನುದಾರನೂ ಸೇರುತ್ತಾನೆ. ಬಾಕಿ ತೀರಿಸಲು 60 ದಿನ ಸಮಯ ಇರುತ್ತದೆ. ಅದರೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಅದನ್ನು ಒಪ್ಪದಿದ್ದರೆ 15 ದಿನದಲ್ಲಿ ಬ್ಯಾಂಕ್ ಕಾರಣ ಕೊಟ್ಟು ಉತ್ತರಿಸಬೇಕು.

ಸಂಬಳಕ್ಕೆ ಕೈ ಹಾಕುತ್ತಾರಾ ಅನ್ನುವುದು ಎಲ್ಲರ ಭಯ. ಕೋರ್ಟ್ ಡಿಕ್ರಿ ಆದ ಮೇಲೆ ಹಾಕಬಹುದು, ಆದರೆ ಅದಕ್ಕೆ ಮಿತಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಜಪ್ತಿಗೆ ಲೆಕ್ಕ ಹಿಡಿಯುವ ಸಂಬಳ 46,000 ಅಂದುಕೊಳ್ಳಿ. 1,000 ತೆಗೆದರೆ 45,000. ಅದರ ಮೂರನೇ ಒಂದು ಭಾಗ, ಅಂದರೆ ತಿಂಗಳಿಗೆ 15,000ದವರೆಗೆ ಕಡಿತವಾಗಬಹುದು. ಭವಿಷ್ಯ ನಿಧಿಯನ್ನು ಜಪ್ತಿ ಮಾಡುವಂತಿಲ್ಲ. ಸಹಕಾರಿ ಸಂಘದ ಸಾಲವಾದರೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಸಂಬಳದಿಂದ ಕಡಿತ ಮಾಡಲು ಮೊದಲೇ ಒಪ್ಪಿಗೆ ಪತ್ರ ಬರೆಸಿಕೊಂಡಿರುತ್ತಾರೆ. ನೀವೂ ಬರೆದುಕೊಟ್ಟಿದ್ದೀರಾ, ನೋಡಿಕೊಳ್ಳಿ.

ಕೋರ್ಟು ಕಚೇರಿಗಿಂತ ಮೊದಲು ಪೆಟ್ಟು ಬೀಳುವುದು ಕ್ರೆಡಿಟ್ ರಿಪೋರ್ಟಿಗೆ. ಜಾಮೀನು ಹಾಕಿದ ಸಾಲ ನಿಮ್ಮ ರಿಪೋರ್ಟಿನಲ್ಲೂ ಕಾಣುತ್ತದೆ. ಕಂತು 90 ದಿನ ಮೀರಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲ. ನೀವು ಹೇಳುವ ನಾಲ್ಕು ತಿಂಗಳು ಆ ಗಡಿ ದಾಟಿ ಆಯಿತು. ನಾಳೆ ನೀವೇ ಮನೆ ಸಾಲಕ್ಕೆ ಹೋದರೆ, ಒಂದು ಕಂತೂ ತಪ್ಪಿಸದ ನಿಮಗೇ ಸಾಲ ಸಿಗದೆ ಹೋಗಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ವರ್ಷಕ್ಕೊಂದು ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ಇವತ್ತೇ ತೆಗೆದು ನೋಡಿ.

ಜಾಮೀನನ್ನು ವಾಪಸ್ ತೆಗೆದುಕೊಳ್ಳಬಹುದಾ ಅಂತಲೂ ಕೇಳುತ್ತಾರೆ. ಓವರ್‌ಡ್ರಾಫ್ಟ್‌ನಂಥ ಮುಂದುವರಿಯುವ ಸಾಲಕ್ಕಾದರೆ, ಮುಂದಿನ ವ್ಯವಹಾರಗಳಿಗೆ ಸಂಬಂಧಿಸಿದಂತೆ ನೋಟಿಸ್ ಕೊಟ್ಟು ಹಿಂದೆಗೆದುಕೊಳ್ಳಬಹುದು. ಒಂದೇ ಸಲ ಕೊಟ್ಟು ಮುಗಿಸಿದ ಸಾಲಕ್ಕೆ ಆ ದಾರಿ ಇಲ್ಲ. ಬೇರೆ ಜಾಮೀನುದಾರ ಸಿಕ್ಕಿ, ಬ್ಯಾಂಕ್ ಒಪ್ಪಿ, ನಿಮ್ಮನ್ನು ಬಿಡುಗಡೆ ಮಾಡಿದ್ದೇವೆ ಎಂದು ಬರೆದುಕೊಡಬೇಕು. ಬಾಯಿಮಾತು ಸಾಲದು. ಇನ್ನು, ಸಾಲಗಾರ ತೀರಿಕೊಂಡರೂ ಜಾಮೀನು ಮುಗಿಯುವುದಿಲ್ಲ. ಹಾಗಾಗಿ ಆ ಸಾಲಕ್ಕೆ ವಿಮೆ ಇದೆಯಾ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಗೆ ನೀವೇ ಕಟ್ಟಬೇಕಾಗಿ ಬಂದರೆ ಒಂದು ವಿಷಯ ಪಕ್ಕಾ ಮಾಡಿಕೊಳ್ಳಿ. ದುಡ್ಡನ್ನು ಸಹೋದ್ಯೋಗಿಯ ಕೈಗೆ ಕೊಡಬೇಡಿ. ನಿಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹಾಕಿ, ಜಾಮೀನುದಾರನಾಗಿ ಕಟ್ಟಿದ್ದೇನೆ ಎಂದು ಬ್ಯಾಂಕಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊತ್ತ ಕಡಿಮೆ ಮಾಡಿ ಸೆಟಲ್ ಮಾಡಿದರೆ ಪತ್ರದಲ್ಲಿ ನಿಮ್ಮ ಬಿಡುಗಡೆಯೂ ಇರಬೇಕು, ಮತ್ತು ರಿಪೋರ್ಟಿನಲ್ಲಿ ‘ಸೆಟಲ್ಡ್’ ಅಂತ ಬಂದರೆ ಅದೂ ಸ್ಕೋರಿಗೆ ಹೊಡೆತವೇ. ಪೂರ್ತಿ ಬಾಕಿ ತೀರಿಸಿದ ಮೇಲೆ ಬ್ಯಾಂಕಿಗಿದ್ದ ಹಕ್ಕುಗಳು ಕರಾರು ಕಾಯ್ದೆಯ 140ನೇ ಕಲಂ ಪ್ರಕಾರ ನಿಮಗೆ ಬರುತ್ತವೆ. ನೀವು ಸರಿಯಾಗಿ ಕಟ್ಟಿದ್ದಷ್ಟನ್ನೂ ಸಹೋದ್ಯೋಗಿ ನಿಮಗೆ ಕೊಡಲೇಬೇಕು ಎನ್ನುವುದು 145ನೇ ಕಲಂ. ಅವರಿಗೆ ಮನೆ ಇದೆ, ಸಂಬಳ ಇದೆ ಅಂದಿರಲ್ಲ, ಅದು ಉಪಯೋಗಕ್ಕೆ ಬರುವುದು ಇಲ್ಲಿ. ದಾವೆ ಹೂಡಲು ನೀವು ಬ್ಯಾಂಕಿಗೆ ಹಣ ಕಟ್ಟಿದ ದಿನದಿಂದ 3 ವರ್ಷ ಸಮಯ ಇದೆ.