ಮದುವೆ ಮನೆಯ ಹಾಡು ಆನ್‌ಲೈನ್‌ಗೆ ಹೋದಾಗ

ಹಾಸನದಲ್ಲಿ ಮದುವೆ ವಿಡಿಯೊ ಮಾಡುವ ಹುಡುಗನೊಬ್ಬ ನನ್ನ ಕಚೇರಿಗೆ ಬಂದಿದ್ದ. ಛತ್ರದಿಂದ ಆನ್‌ಲೈನ್‌ನಲ್ಲಿ ನೇರ ಪ್ರಸಾರ ನಡೆಯುತ್ತಿತ್ತಂತೆ. ಸರಿಯಾಗಿ ಧಾರೆ ಹೊತ್ತಿಗೆ ಸ್ಪೀಕರಿನಲ್ಲಿ ಸಿನಿಮಾ ಹಾಡು ಬಂತು, ಪ್ರಸಾರ ನಿಂತುಹೋಯಿತು. ದುಬೈನಲ್ಲಿ ಕಾಯುತ್ತಿದ್ದ ಅಣ್ಣನಿಗೆ ತಂಗಿಯ ಧಾರೆ ನೋಡಲು ಸಿಗಲಿಲ್ಲ. 'ಮದುವೆಗೆ ಹಾಡು ಹಾಕಿದರೆ ದುಡ್ಡು ಕಟ್ಟಬೇಕಿಲ್ಲ ಅಂತ ಸರ್ಕಾರವೇ ಹೇಳಿದೆ ಅಲ್ವಾ?' ಎಂದು ಕೇಳಿದ.

ಹೌದು, ಹೇಳಿದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಆ ವಿನಾಯಿತಿ ಇದೆ. ಧಾರ್ಮಿಕ ಸಮಾರಂಭ, ಸರ್ಕಾರಿ ಸಮಾರಂಭ, ಮದುವೆ ದಿಬ್ಬಣ, ಮದುವೆಯ ಜೊತೆಗಿನ ಸಂಭ್ರಮ ಎಲ್ಲವೂ ಅದರಲ್ಲಿ ಬರುತ್ತವೆ. ಇಂಥ ಕಡೆ ಶುಲ್ಕ ವಸೂಲಿ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಪ್ರಕಟಣೆಯನ್ನೂ ಹೊರಡಿಸಿತು.

ಆದರೆ ಆ ವಿನಾಯಿತಿ ಇರುವುದು ಸಮಾರಂಭದಲ್ಲಿ ಹಾಡು ಕೇಳಿಸುವುದಕ್ಕೆ. ಮದುವೆ ಮುಗಿದ ಮೇಲೆ ಅದೇ ಹಾಡನ್ನು ವಿಡಿಯೊಗೆ ಕೂಡಿಸಿ ಚಾನೆಲ್‌ಗೆ ಹಾಕುವುದು ಬೇರೆಯೇ ಕೆಲಸ. ಅದಕ್ಕೆ ಅನುಮತಿ ಬೇಕು. ನೇರ ಪ್ರಸಾರವೂ ಸಮಾರಂಭದ ಭಾಗವೇ ಎಂದು ವಾದಿಸಬಹುದು, ನಾನಂತೂ ವಾದಿಸುತ್ತೇನೆ. ಆದರೆ ಆ ಕ್ಷಣದಲ್ಲಿ ಹಾಡನ್ನು ಹಿಡಿಯುವುದು ಕಂಪ್ಯೂಟರ್. ಅದು ದನಿಯನ್ನು ಹೋಲಿಸಿ ನೋಡುತ್ತದೆ, ಸಮಾರಂಭ ಯಾವುದು ಅಂತ ನೋಡುವುದಿಲ್ಲ. ನಾವು ವಾದ ಮಾಡಿ ಗೆಲ್ಲುವ ಹೊತ್ತಿಗೆ ಧಾರೆ ಮುಗಿದಿರುತ್ತದೆ.

ಒಂದು ಹಾಡಿನಲ್ಲಿ ಒಂದೇ ಹಕ್ಕು ಇರುವುದಿಲ್ಲ. ಪದ ಬರೆದವರದು ಒಂದು, ರಾಗ ಹಾಕಿದವರದು ಒಂದು, ರೆಕಾರ್ಡ್ ಮಾಡಿಸಿದ ಕಂಪನಿಯದು ಇನ್ನೊಂದು. ಪದ ಮತ್ತು ರಾಗದ ಶುಲ್ಕವನ್ನು ಸಂಗ್ರಹಿಸುವುದು 1969ರಲ್ಲಿ ಶುರುವಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಸಂಘ. ರೆಕಾರ್ಡಿಂಗಿನ ಅನುಮತಿ ಬೇರೆ ಕಡೆಯಿಂದ ಬರಬೇಕು. ಒಂದಕ್ಕೆ ದುಡ್ಡು ಕಟ್ಟಿ ರಸೀದಿ ಇಟ್ಟುಕೊಂಡು, ಎಲ್ಲಾ ಆಯ್ತು ಅಂತ ನೆಮ್ಮದಿಯಾಗಿ ಕೂತವರನ್ನು ಜಾಸ್ತಿ ನೋಡಿದ್ದೇನೆ. ದೃಶ್ಯದ ಜೊತೆ ಹಾಡು ಸೇರಿಸುವುದಿದ್ದರೆ ಮ್ಯೂಸಿಕ್ ಕಂಪನಿಯನ್ನೇ ನೇರವಾಗಿ ಕೇಳಬೇಕು.

ಚಿಕ್ಕಮಗಳೂರು ಕಡೆಯ ಹೋಂಸ್ಟೇ ಮಾಲೀಕರಿಗೂ ಇದೇ ಗೊಂದಲ. 'ಸ್ಪಾಟಿಫೈಗೆ ದುಡ್ಡು ಕಟ್ಟುತ್ತಿದ್ದೇನಲ್ಲ' ಎನ್ನುತ್ತಾರೆ. ಆ ದುಡ್ಡು ನೀವು ಕೇಳುವುದಕ್ಕೆ. ಊಟದ ಹಾಲ್‌ನಲ್ಲಿ ಅತಿಥಿಗಳಿಗೆ ಕೇಳಿಸಿದರೆ ಅದು ಸಾರ್ವಜನಿಕ ಬಳಕೆ. ಹೋಟೆಲಿನ ಕೋಣೆಗಳಿಗೆ ಹಾಡು ಹರಿಸಿದರೂ ಸಾರ್ವಜನಿಕರಿಗೆ ತಲುಪಿಸಿದಂತೆಯೇ ಎಂದು ಕಾಯ್ದೆ ಹೇಳುತ್ತದೆ. ಮುಳ್ಳಯ್ಯನಗಿರಿಯ ಮಂಜು ತೋರಿಸಿ, ಹಿಂದೆ ಸಿನಿಮಾ ಹಾಡು ಹಾಕಿ, ಕೆಳಗೆ ರೂಮಿನ ಬಾಡಿಗೆ ಬರೆದ ರೀಲ್ ಕೂಡ ಜಾಹೀರಾತೇ. ಸುಮ್ನೆ ಖುಷಿಗೆ ಹಾಕಿದ್ದು ಅಂದರೆ ನಡೆಯುವುದಿಲ್ಲ.

ಆ ಹುಡುಗನಿಗೆ ನಾನು ಕೊಟ್ಟ ಸಲಹೆ ಇಷ್ಟೇ. ಪ್ರಸಾರಕ್ಕೆ ಸ್ಪೀಕರಿನ ಹಾಡು ಬೇಡ, ಓಲಗದವರ ದನಿಯನ್ನು ಮೈಕಿನಿಂದ ತೆಗೆದುಕೋ. ಹಳೆಯ ಕೀರ್ತನೆಗಳಿಗೆ ಯಾರ ಕೃತಿಸ್ವಾಮ್ಯವೂ ಇಲ್ಲ. ದಾಸರ ಪದವನ್ನು ಹೆಂಗಸರು ಕೂತು ಹಾಡಿದರೆ ಯಾರಿಗೂ ಶುಲ್ಕ ಕೊಡಬೇಕಿಲ್ಲ. ನಮ್ಮ ಮಲೆನಾಡಿನಲ್ಲಿ ದೀಪಾವಳಿಗೆ ಹಾಡುವ ಅಂಟಿಗೆ ಪಂಟಿಗೆ ಪದಗಳಿಗೂ ಹಾಗೆಯೇ. ಆದರೆ ಅದೇ ದಾಸರ ಪದದ ಕ್ಯಾಸೆಟ್ ಕಂಪನಿ ರೆಕಾರ್ಡಿಂಗ್ ಹಾಕಿದರೆ, ಆ ರೆಕಾರ್ಡಿಂಗಿಗೆ ಹಕ್ಕು ಇರುತ್ತದೆ. ಪದ ಹಳೆಯದು, ದನಿ ಹೊಸದು.

ಭಾವಗೀತೆ ಹಾಡುವವರು ಇನ್ನೂ ಎಚ್ಚರ ವಹಿಸಬೇಕು. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಹಕ್ಕು ಇದೆ. ರಾಗ ನಿಮ್ಮದೇ ಇದ್ದರೂ ಪದಕ್ಕೆ ಅನುಮತಿ ಕೇಳಬೇಕು.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಾನು ಇನ್ನೊಬ್ಬ ಕಕ್ಷಿದಾರರ ಮಾತು ಹೇಳುತ್ತೇನೆ. ಅವರು ಅರಸೀಕೆರೆ ಕಡೆಯವರು, ಭಕ್ತಿಗೀತೆ ಬರೆಯುತ್ತಾರೆ. ಒಂದೊಂದು ಹಾಡಿಗೆ ಒಮ್ಮೆ ಒಂದಿಷ್ಟು ದುಡ್ಡು ತೆಗೆದುಕೊಂಡು ಕಾಗದಕ್ಕೆ ಸಹಿ ಹಾಕಿದರು, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಜಾತ್ರೆ ಬಂದಾಗಲೆಲ್ಲ ಅವರ ಪದ ಊರಿಗೇ ಕೇಳುತ್ತದೆ, ಮೊಬೈಲಿನಲ್ಲೂ ಓಡುತ್ತದೆ. ಅವರಿಗೆ ಒಂದು ಪೈಸೆಯೂ ಬಂದಿಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಕಾಯ್ದೆಗೆ ಆದ 2012ರ ತಿದ್ದುಪಡಿಯ ಪ್ರಕಾರ, ಹಕ್ಕನ್ನು ಮಾರಿದ ಮೇಲೂ ಪದ ಬರೆದವರಿಗೆ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ದುಡ್ಡಿನಲ್ಲಿ, ಸಮಪಾಲು ಉಂಟು. ಅದನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಆ ಬರಹ ನಿಲ್ಲುವುದಿಲ್ಲ. ಆದರೆ ಐಪಿಆರ್‌ಎಸ್ ಸಂಘದ ಸದಸ್ಯರಾಗಿ, ಹಾಡುಗಳನ್ನು ಅಲ್ಲಿ ನೋಂದಾಯಿಸದಿದ್ದರೆ ಆ ಪಾಲು ಅವರ ಮನೆಯ ದಾರಿ ಹಿಡಿಯುವುದು ಕಷ್ಟ.

2012ರ ನಂತರ ಸಹಿ ಹಾಕಿದ ಕಾಗದಗಳನ್ನು ಬೇರೆ ಕಟ್ಟಿ, ಯಾವ ಹಾಡು ಯಾವ ವರ್ಷ ಯಾರಿಗೆ ಕೊಟ್ಟದ್ದು ಎಂದು ಬರೆದು ತನ್ನಿ ಎಂದಿದ್ದೇನೆ. ಸೋಮವಾರ ಬರುತ್ತಾರೆ.