ಗಾಂಜಾ ಮತ್ತು ಮಿದುಳು: ‘ಆನಂದ’ದ ಬೆನ್ನು ಹತ್ತಿದ ಕಥೆ

ಅರವತ್ತರ ದಶಕದ ಆರಂಭ. ಟೆಲ್ ಅವೀವ್‌ನಿಂದ ರೆಹೋವೋತ್‌ಗೆ ಹೊರಟ ಬಸ್ಸಿನಲ್ಲಿ ಒಬ್ಬ ಯುವ ರಸಾಯನ ವಿಜ್ಞಾನಿ ಕೂತಿದ್ದ. ಚೀಲದಲ್ಲಿ ಪೊಲೀಸರು ವಶಪಡಿಸಿಕೊಂಡಿದ್ದ 5 ಕೆ.ಜಿ. ಹಶೀಶ್, ಎಂದರೆ ಗಾಂಜಾ ಗಿಡದ ಅಂಟು. ಸಂಶೋಧನೆಗೆಂದು ಅವರಿಂದಲೇ ಕೇಳಿ ತಂದದ್ದು. ಇದೆಂಥ ವಾಸನೆ ಎಂದು ಅಕ್ಕಪಕ್ಕದವರು ಮಾತಾಡಿಕೊಂಡರಂತೆ. ಆತನೇ ರಾಫೆಲ್ ಮೆಶೂಲಮ್.

ಅಫೀಮಿನಿಂದ ಮಾರ್ಫೀನ್, ಕೋಕಾ ಎಲೆಯಿಂದ ಕೊಕೇನ್ 19ನೇ ಶತಮಾನದಲ್ಲೇ ಬೇರ್ಪಟ್ಟಿದ್ದವು. ಗಾಂಜಾ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದರ ಸಾರ ಹರಳುಗಟ್ಟದು. ಒಂದನ್ನೊಂದು ಹೋಲುವ ಹತ್ತಾರು ವಸ್ತುಗಳು ಬೆರೆತ ಅಂಟು ಎಣ್ಣೆ ಅದು. 1964ರಲ್ಲಿ ಮೆಶೂಲಮ್ ಮತ್ತು ಯೆಖಿಯೇಲ್ ಗಾವೊನಿ ಅಮಲು ತರುವ ವಸ್ತುವನ್ನು ಶುದ್ಧರೂಪದಲ್ಲಿ ತೆಗೆದು, ಅದರ ರಚನೆಯನ್ನು ತಿಳಿಸಿದರು. ಅದೇ ಟಿಎಚ್‌ಸಿ.

ಭಂಗಿ ಸೊಪ್ಪು ನಮ್ಮವರಿಗೆ ಹೊಸದಲ್ಲ. 1893-94ರಲ್ಲಿ ಬ್ರಿಟಿಷ್ ಸರ್ಕಾರದ ಆಯೋಗವೊಂದು ದೇಶವಿಡೀ ಸುತ್ತಿ 1,193 ಸಾಕ್ಷಿಗಳನ್ನು ವಿಚಾರಿಸಿತು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದರೆ ಉಂಟು ಎಂದಿತು. 1985ರ ಮಾದಕ ವಸ್ತು ಕಾಯ್ದೆ ಹೂತೆನೆಯನ್ನು ಗಾಂಜಾ ಎಂದು ನಿಷೇಧಿಸಿ, ಬರೀ ಎಲೆಯನ್ನು ಹೊರಗಿಟ್ಟಿತು. ಇದು ಮಿದುಳಿನಲ್ಲಿ ಏನು ಮಾಡುತ್ತದೆ ಎಂಬುದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಕಾಯ್ದೆ ಬಂದ ಮೂರು ವರ್ಷಕ್ಕೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್, ಇಲಿಯ ಮಿದುಳಿನಲ್ಲಿ ಈ ವಸ್ತು ಹೋಗಿ ಕೂರುವ ಗ್ರಾಹಕವನ್ನು ಕಂಡುಹಿಡಿದರು. ಒಂದು ಗಿಡದ ಕೀಲಿಗೆ ನಮ್ಮ ತಲೆಯೊಳಗೆ ಬೀಗ ಏಕೆ? ಮಿದುಳೇ ಅಂಥದ್ದೊಂದು ಕೀಲಿ ಮಾಡುತ್ತಿರಬೇಕು. 1992ರಲ್ಲಿ ಡಿವೇನ್, ಲುಮೀರ್ ಹನುಷ್ ಮತ್ತು ಮೆಶೂಲಮ್ ಜೆರುಸಲೇಮಿನಲ್ಲಿ ಹಂದಿಯ ಮಿದುಳಿನಿಂದ ಅದನ್ನೂ ತೆಗೆದರು. ಹೆಸರಿಗಾಗಿ ಸಂಸ್ಕೃತಕ್ಕೆ ಬಂದರು: ಆನಂದಮೈಡ್. ನಮ್ಮ ‘ಆನಂದ’ವೇ.

ಇದರ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಒಂದು ನರಕೋಶ ಸಂದೇಶ ಬಿಡುತ್ತದೆ, ಮುಂದಿನದು ಪಡೆಯುತ್ತದೆ. ಇಲ್ಲಿ ಸಂದೇಶ ಹಿಮ್ಮುಖ. ಪಡೆಯುವ ಕೋಶಕ್ಕೆ ಗದ್ದಲ ಹೆಚ್ಚಾದರೆ, ತನ್ನದೇ ಪೊರೆಯ ಕೊಬ್ಬಿನಿಂದ ಈ ಬಗೆಯ ಅಣುವನ್ನು ಆಗಿಂದಾಗ್ಗೆ ಮಾಡಿ, ‘ಸಾಕು, ತಡಿ’ ಎಂದು ಹಿಂದಕ್ಕೆ ಕಳಿಸುತ್ತದೆ. ಕೆಲಸ ಮುಗಿಯುತ್ತಲೇ ಕಿಣ್ವಗಳು ಅದನ್ನು ಒಡೆದುಹಾಕುತ್ತವೆ. ಬೇಕಾದಲ್ಲಿ ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ. ನನ್ನ ಮಟ್ಟಿಗೆ ಮಿದುಳಿನ ಅತಿ ನಾಜೂಕಾದ ಏರ್ಪಾಡು ಇದು.

ಚಿಲುಮೆಯ ಹೊಗೆಗೆ ಈ ನಾಜೂಕಿಲ್ಲ. ಟಿಎಚ್‌ಸಿ ರಕ್ತದ ಜೊತೆ ಎಲ್ಲೆಡೆ ಹರಿದು, ಗಂಟೆಗಟ್ಟಲೆ ಎಲ್ಲ ಕಡೆಯೂ ‘ತಡಿ’ ಎನ್ನುತ್ತದೆ. ನೆನಪು ಕಟ್ಟುವ ಹಿಪೊಕ್ಯಾಂಪಸ್‌ನಲ್ಲಿ ಈ ಗ್ರಾಹಕಗಳು ದಟ್ಟ. ಅದಕ್ಕೇ ಸೇದಿದವನು ಅರ್ಧ ವಾಕ್ಯ ಆಡಿ, ಏನು ಹೇಳಹೊರಟಿದ್ದೆ ಎಂದು ತಡವರಿಸುತ್ತಾನೆ. ಸಣ್ಣಮಿದುಳಿನಲ್ಲೂ ಹಾಗೇ, ಹೆಜ್ಜೆ ಲಯ ತಪ್ಪುತ್ತದೆ. ಉಸಿರಾಟ ನಡೆಸುವ ಮಿದುಳಕಾಂಡದಲ್ಲಿ ಮಾತ್ರ ವಿರಳ, ಹಾಗಾಗಿ ಅಫೀಮಿನಂತೆ ಇದು ಉಸಿರು ನಿಲ್ಲಿಸದು.

ಇದನ್ನೇ ಹಿಡಿದು ‘ಗಾಂಜಾದಿಂದ ಅಪಾಯವಿಲ್ಲ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಸಿವು ತಗ್ಗಿಸಲೆಂದು ಇದೇ ಗ್ರಾಹಕವನ್ನು ಮುಚ್ಚುವ ರಿಮೊನಬಾಂಟ್ ಎಂಬ ಮಾತ್ರೆ 2006ರಲ್ಲಿ ಯುರೋಪಿಗೆ ಬಂತು. ನುಂಗಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಾಣಿಸಿಕೊಂಡು ಎರಡೇ ವರ್ಷಕ್ಕೆ ಹಿಂದಕ್ಕೆ ಹೋಯಿತು. ಮನಸ್ಸಿನ ಸಮತೋಲ ಎಷ್ಟರಮಟ್ಟಿಗೆ ಈ ಬೀಗದ ಮೇಲೆ ನಿಂತಿದೆ ಎಂದು ಆಗ ಗೊತ್ತಾಯಿತು. ಹರೆಯದಲ್ಲಿ ಮಿದುಳಿನ ಮುಂಭಾಗ ಇನ್ನೂ ಕಟ್ಟುತ್ತಿರುತ್ತದೆ, ಅದಕ್ಕೂ ಇದೇ ಏರ್ಪಾಡು ಬೇಕು. ಸ್ವೀಡನ್ನಿನಲ್ಲಿ ಸೇನೆಗೆ ಸೇರಿದ 45,000 ಯುವಕರ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಸೇನೆಗೆ ಸೇರುವ ಮೊದಲೇ 50ಕ್ಕೂ ಹೆಚ್ಚು ಬಾರಿ ಗಾಂಜಾ ಸೇದಿದ್ದವರಲ್ಲಿ ಮುಂದೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ, ಸೇದದವರಿಗಿಂತ ಸುಮಾರು ಆರು ಪಟ್ಟು ಕಂಡಿತ್ತು. ಗಾಂಜಾವೊಂದೇ ಕಾರಣವೇ, ವಂಶವಾಹಿಯ ಪಾಲೆಷ್ಟು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಹದಿನಾರರ ಹುಡುಗನ ಕೈಗೆ ಚಿಲುಮೆ ಕೊಡಲು ಆ ಚರ್ಚೆ ನೆಪವಾಗಬಾರದು. ಮೇಲಾಗಿ ಮಾಲಿನ ಕಾವೂ ಏರಿದೆ: ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸುಮಾರು ಶೇ 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12ಕ್ಕೆ ಮುಟ್ಟಿತ್ತು.

ದಿನವೂ ಸೇದುವವನ ಮಿದುಳು ಈ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಬಿಟ್ಟ ಮೊದಲ ವಾರ ನಿದ್ದೆ ಹತ್ತದು, ಊಟ ಸೇರದು, ಮಾತು ಮಾತಿಗೂ ಸಿಡುಕು. ಮನೆಯವರು ಇದನ್ನು ಕೊಬ್ಬು ಎಂದುಕೊಳ್ಳುತ್ತಾರೆ. ಸುಮಾರು ನಾಲ್ಕು ವಾರ ಮುಟ್ಟದೆ ಇದ್ದವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಗ್ರಾಹಕಗಳು ಬಹುತೇಕ ಮೊದಲಿನ ಮಟ್ಟಕ್ಕೆ ಮರಳಿದ್ದು ಕಂಡಿದೆ.