ಕಮಾನಿನ ಮೇಲೆ ಯಾರ ಹೆಸರು?

ಬೆಳಗಾವಿಯಲ್ಲಿ ಗಣಪತಿ ಹಬ್ಬವಿರಲಿ, ರಾಜ್ಯೋತ್ಸವವಿರಲಿ, ಮೊದಲು ಏಳುವುದು ಕಮಾನು. ನೆತ್ತಿಯ ಮೇಲೆ ಗಣಪನೋ ಭುವನೇಶ್ವರಿಯೋ. ಎರಡೂ ಕಾಲುಗಳಿಗೆ ಬಂಗಾರದಂಗಡಿ, ಲೇಔಟು, ಮತ್ತೆ 'ಏಲಕ್ಕಿ'. (ಅದೇ ಹೆಸರಿನಲ್ಲಿ ಇನ್ನೇನು ಮಾರುತ್ತಾರೆಂದು ಶಾಲೆ ಹುಡುಗರಿಗೂ ಗೊತ್ತು.) ದೊಡ್ಡ ಮಂಡಳಗಳ ಮಾತು ಹಾಗಿರಲಿ. ಕನ್ನಡ, ಮರಾಠಿ, ಉರ್ದು ಮನೆಮಾತಿನವರು, ಯಲ್ಲಮ್ಮನ ಸೇವೆಯ ಜೋಗಪ್ಪಗಳು, ದೇವದಾಸಿಯರಾಗಿದ್ದವರ ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂರುವ ಸಣ್ಣ ಸಂಘಗಳಿಗೂ ವರ್ಷಕ್ಕೊಮ್ಮೆ ಪಟ್ಟಿ, ಅಂದರೆ ಚಂದಾ, ಎತ್ತುವುದು ತಪ್ಪಿದ್ದಲ್ಲ.

ಅಂಥದೊಂದು ಸಭೆಯಲ್ಲಿ ಕೂತಿದ್ದೆ. ವಾರ್ಷಿಕೋತ್ಸವದ ಊಟದ ಖರ್ಚು ಪೂರ್ತಿ ತಮ್ಮದೆಂದು ಒಂದು ಲೇಔಟಿನವರು ಹೇಳಿ ಕಳಿಸಿದ್ದರು. ಅದೇ ಲೇಔಟಿನಲ್ಲಿ ಸೈಟು ಕೇಳಲು ಹೋಗಿದ್ದ ನಮ್ಮ ಸದಸ್ಯೆಯೊಬ್ಬರಿಗೆ, ಅಡ್ಡಹೆಸರು ಕೇಳಿದ ಮೇಲೆ, 'ಎಲ್ಲಾ ಬುಕ್ ಆಗ್ಯಾವರೀ' ಎಂಬ ಉತ್ತರ ಸಿಕ್ಕಿತ್ತು. 'ರೊಕ್ಕಕ್ಕ ಜಾತಿ ಐತೇನ್ರೀ ಅಕ್ಕಾರ?' ಎಂದರು ಖಜಾಂಚಿ. 'ರೊಕ್ಕಕ್ಕಿಲ್ಲರೀ, ಸೈಟಿಗೈತಿ' ಎಂದರು ಆಕೆ.

ಯಾರ ಹಣ ಮುಟ್ಟಬೇಕು, ಯಾರದು ಬೇಡ ಎಂಬ ಈ ತಕರಾರು ಈ ಸೀಮೆಗೆ ಹೊಸದಲ್ಲ. ಬಾಗೇವಾಡಿಯ ಬಸವಣ್ಣನವರು 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು. ಭವಿಯ (ಲಿಂಗ ಕಟ್ಟದವನ) ಗದ್ದುಗೆಯ ಕೆಳಗೆ ಕೂತು ಓಲೈಸುತ್ತಾರೆಂದು ತಮ್ಮವರೇ ಆಡಿಕೊಂಡದ್ದು ಅವರ ವಚನದಲ್ಲೇ ಇದೆ. ಅದಕ್ಕವರ ಉತ್ತರ: ಕೈಕೂಲಿ ಮಾಡಿದರೂ ಅದು ದಾಸೋಹಕ್ಕೆ, ನನ್ನ ಒಡಲಿಗಾಗಿ ಕುದಿದರೆ ತಲೆದಂಡ. 'ಬಿಜ್ಜಳನ ಭಂಡಾರವೆನಗೇಕಯ್ಯಾ' ಎಂದದ್ದೂ ಅವರೇ. ಬಿಜ್ಜಳನಿಂದ ಅವರು ಪಡೆದದ್ದು ಕೂಲಿ; ಮಹಾಮನೆಯ ಬಾಗಿಲಿಗೆ ಬಿಜ್ಜಳನ ಹೆಸರು ಕಟ್ಟಿದ ಸುದ್ದಿ ಎಲ್ಲೂ ಇಲ್ಲ. ಆಯ್ದಕ್ಕಿ ಲಕ್ಕಮ್ಮ ಇನ್ನೂ ಬಿಗಿ: ಗಂಡ ಮಾರಯ್ಯ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮರಳಿ ಅಲ್ಲೇ ಸುರಿದು ಬಾ ಎಂದವಳು.

ಹೊರದೇಶದಲ್ಲಿ ಇದೇ ಜಗಳ ಬೀದಿಗೆ ಬಂದದ್ದು ಸ್ಕಾಟ್ಲೆಂಡಿನಲ್ಲಿ. 1843ರಲ್ಲಿ ಹುಟ್ಟಿದ ಫ್ರೀ ಚರ್ಚ್, ಮರುವರ್ಷ ಅಮೆರಿಕಕ್ಕೆ ಹೋಗಿ ಸುಮಾರು 3,000 ಪೌಂಡ್ ಚಂದಾ ಎತ್ತಿತು. ಅದರಲ್ಲಿ ಗುಲಾಮರನ್ನಿಟ್ಟುಕೊಂಡವರ ಹಣವೂ ಸೇರಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಫ್ರೆಡರಿಕ್ ಡಗ್ಲಾಸ್ 1846ರಲ್ಲಿ ಊರೂರು ತಿರುಗಿ 'ಹಣ ವಾಪಸ್ ಕಳಿಸಿ' ಎಂದು ಕೂಗಿದರು. ಚರ್ಚ್ ಕಳಿಸಲಿಲ್ಲ. 1905ರಲ್ಲಿ ಅಮೆರಿಕದ ಒಂದು ಮಿಷನ್ ಮಂಡಳಿ ತೈಲದ ದೊರೆ ರಾಕ್‌ಫೆಲ್ಲರ್‌ರಿಂದ 1 ಲಕ್ಷ ಡಾಲರ್ ಪಡೆದಾಗ ಪಾದ್ರಿ ವಾಷಿಂಗ್ಟನ್ ಗ್ಲ್ಯಾಡನ್ ಅದನ್ನು ಕಳಂಕಿತ ಹಣ ಎಂದರು. ತಾನಾಗಿ ಬಂದ ದಾನವೆಂದು ಎಲ್ಲರೂ ತಿಳಿದಿದ್ದರು; ಮಂಡಳಿಯವರೇ ಬೇಡಿ ತಂದದ್ದೆಂದು ಆಮೇಲೆ ಬಯಲಾಯಿತು. ಈ ಪ್ರಸಂಗ ಓದುವಾಗೆಲ್ಲ ನನಗೆ ನಮ್ಮ ರಸೀದಿ ಪುಸ್ತಕ ನೆನಪಾಗುತ್ತದೆ. ಬಾಗಿಲು ತಟ್ಟಿದವರು ಸಾಮಾನ್ಯವಾಗಿ ನಾವೇ ಆಗಿರುತ್ತೇವೆ.

ಭಾರತದ ಕಾನೂನು ಕೆಲವೆಡೆ ಈ ತಲೆನೋವನ್ನೇ ಇಳಿಸಿದೆ. 1992ರ ಶಿಶು ಹಾಲು ಪರ್ಯಾಯ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಮಕ್ಕಳ ಹಾಲಿನ ಪುಡಿಯ ಕಂಪನಿಗಳು ವೈದ್ಯರ ಸಮ್ಮೇಳನಗಳಿಗೆ ಹಣ ಕೊಡುವಂತಿಲ್ಲ ಎನ್ನುತ್ತದೆ. ತಂಬಾಕಿನ ಪ್ರಾಯೋಜಕತ್ವಕ್ಕೆ 2003ರ ಇನ್ನೊಂದು ಕಾಯ್ದೆ ಬೇಲಿ ಹಾಕಿತು; ಕ್ರಿಕೆಟ್ಟಿಗೆ ಹಣ ಹಾಕುತ್ತಿದ್ದ ಸಿಗರೇಟು ಕಂಪನಿ ಐಟಿಸಿ 2001ರಲ್ಲೇ ಹಿಂದೆ ಸರಿದಿತ್ತು.

ಆದರೆ ತಂಬಾಕೆಂದರೆ ನಮ್ಮ ಜಿಲ್ಲೆಯಲ್ಲಿ ಬರೀ ಚಟದ ಮಾತಲ್ಲ. ನಿಪ್ಪಾಣಿಯಲ್ಲಿ ಅದು ಹೊಲ, ವಖಾರಿ, ಬೀಡಿ ಸುತ್ತುವ ಹೆಂಗಸರ ಬೆರಳು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಅಂಥ ಹೆಂಗಸರೇ ಕಟ್ಟಿಕೊಂಡ ಸಂಘ ಬೀಡಿ ಮಾಲೀಕರ ದೇಣಿಗೆ ಒಲ್ಲೆ ಎನ್ನಬೇಕೆಂದು ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಹೇಳಲಾರೆ. ಅವರ ಸಂಬಳವೂ ಅದೇ ಪೆಟ್ಟಿಗೆಯದು. 1976ರಲ್ಲಿ ಸಂಸತ್ತು ಇದಕ್ಕೊಂದು ದಾರಿ ಮಾಡಿತ್ತು: ಬೀಡಿಯ ಮೇಲೆ ಸೆಸ್ ಹಾಕಿ, ಆ ನಿಧಿಯಿಂದ ಕಾರ್ಮಿಕರಿಗೆ ದವಾಖಾನೆ, ಮನೆ, ಮಕ್ಕಳಿಗೆ ವಿದ್ಯಾರ್ಥಿವೇತನ. ಹಣ ಬೀಡಿಯದೇ, ಆದರೆ ಹಕ್ಕಾಗಿ ಬರುತ್ತಿತ್ತು. ವೇದಿಕೆಯ ಮೇಲೆ ಯಾರಿಗೂ ಶಾಲು ಹೊದಿಸಬೇಕಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು.

ಈಗ ಎಲ್ಲರ ಬಾಯಲ್ಲಿರುವುದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2021ರ ತಿದ್ದುಪಡಿಯಲ್ಲಿ ಒಂದು ಸಾಲಿದೆ, ಪಟ್ಟಿ ಎತ್ತುವವರು ಬಾಯಿಪಾಠ ಮಾಡಬೇಕಾದದ್ದು: ತನ್ನ ಸರಕಿನ ಪ್ರಚಾರದ ಲಾಭಕ್ಕಾಗಿ ಕೊಟ್ಟ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಬರುವುದಿಲ್ಲ. ಕಮಾನಿನ ಮೇಲೆ ಹೆಸರು ಬೇಕೆಂದು ಪಟ್ಟು ಹಿಡಿದವನು ದಾನಿಯಲ್ಲ, ನಮ್ಮ ಹೆಸರನ್ನು ಬಾಡಿಗೆಗೆ ಹಿಡಿದ ಗಿರಾಕಿ. ಗಿರಾಕಿಗೆ ಬಾಡಿಗೆ ಕರಾರು ಹೇಳುವ ಹಕ್ಕು ನಮಗಿದೆ.

ನಮ್ಮ ಸಭೆ ಅದನ್ನೇ ಮಾಡಿತು. ಜಾತಿ, ಧರ್ಮ, ಅಡ್ಡಹೆಸರು ನೋಡದೆ ಯಾರಿಗಾದರೂ ಸೈಟು ಮಾರುತ್ತೇವೆ ಎಂದು ಲೆಟರ್‌ಹೆಡ್ಡಿನ ಮೇಲೆ ಒಂದು ಸಾಲು ಬರೆದುಕೊಡಿ, ಕಮಾನಿನ ಮೇಲೆ ನಿಮ್ಮ ಹೆಸರೇ ದೊಡ್ಡದಾಗಿ ಹಾಕುತ್ತೇವೆ ಎಂದು ಖಜಾಂಚಿಯ ಕೈಲೇ ಪತ್ರ ಬರೆಸಿತು. ಉತ್ತರ ಬರಲಿಲ್ಲ. ಆ ವರ್ಷ ಹೋಳಿಗೆ ಊಟ ಹೋಗಿ ಚುರುಮುರಿ, ಮಿರ್ಚಿ ಬಂತು. ಮಿರ್ಚಿ ಹತ್ತು ಮಂದಿಗೆ ಸಾಲಲಿಲ್ಲ.